ದಾರುಣಕದ ಚಿಕಿತ್ಸೆ: ಪಾಠನಿರ್ಣಯ ಮತ್ತು ರೋಗನಿರ್ಣಯ

ತಲೆಯ ಚರ್ಮವನ್ನು ಹಿಡಿದು ವರ್ಷಗಟ್ಟಲೆ ಬಿಡದಿರುವ ವ್ಯಾಧಿಗಳ ವಿಷಯವನ್ನು ಪ್ರಾಚೀನ ವೈದ್ಯಗ್ರಂಥಗಳ ಓಲೆಗರಿಗಳಲ್ಲಿ ಹುಡುಕಹೊರಟವರಿಗೆ ಮೊದಲು ಎದುರಾಗುವ ತೊಡಕು, ಅದು ಗ್ರಂಥದ ಯಾವ ಅಧಿಕಾರದಲ್ಲಿದೆ ಎಂಬುದು. ಸುಶ್ರುತಸಂಹಿತೆಯು ದಾರುಣಕ, ಅರೂಂಷಿಕಾ, ಇಂದ್ರಲುಪ್ತ, ಪಲಿತ ಇವುಗಳನ್ನು ನಿದಾನಸ್ಥಾನದ 13ನೆಯ ಅಧ್ಯಾಯದಲ್ಲಿ ಕ್ಷುದ್ರರೋಗಗಳೊಡನೆ ಎಣಿಸಿ, ಚಿಕಿತ್ಸಾಸ್ಥಾನದ 20ನೆಯ ಅಧ್ಯಾಯದಲ್ಲಿ ಅವುಗಳ ಉಪಾಯವನ್ನು ಹೇಳುತ್ತದೆ. ವಾಗ್ಭಟನಾದರೋ ಅಷ್ಟಾಂಗಹೃದಯದ ಉತ್ತರಸ್ಥಾನದ 23 ಮತ್ತು 24ನೆಯ ಅಧ್ಯಾಯಗಳಲ್ಲಿ, ಶಿರೋರೋಗಗಳ ಬೆನ್ನಿಗೇ ಒಂಬತ್ತು ಕಪಾಲವ್ಯಾಧಿಗಳೆಂದು ಇವನ್ನು ಬೇರೆಯಾಗಿ ಗುಂಪು ಮಾಡಿದನು. ಒಬ್ಬನಿಗೆ ಇದು ಮೊಡವೆ, ಮಚ್ಚೆಗಳ ಸಾಲಿನ ಸಣ್ಣ ರೋಗ. ಇನ್ನೊಬ್ಬನಿಗೆ ಶಾಲಾಕ್ಯತಂತ್ರದ ವಿಷಯ. ಆದುದರಿಂದ ಹೆಸರಿಲ್ಲದ, ಆದ್ಯಂತಗಳಿಲ್ಲದ ಒಂದು ಕಟ್ಟಿನಲ್ಲಿ ದಾರುಣಕದ ಯೋಗ ದೊರೆತರೆ, ಅದರ ಹಿಂದುಮುಂದಿನ ಗರಿಗಳಲ್ಲಿ ಏನಿದೆಯೆಂಬುದನ್ನು ನೋಡಿಯೇ ಆ ಗ್ರಂಥಕಾರನು ಯಾವ ಪರಂಪರೆಯವನೆಂದು ಊಹಿಸಬೇಕಾಗುತ್ತದೆ. ಕ್ಷುದ್ರವೆಂಬ ಹೆಸರು ಶಾಸ್ತ್ರಕಾರರದು. ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುವವರು ಇಟ್ಟ ಹೆಸರಲ್ಲ.

ಜೈನ ವೈದ್ಯಪರಂಪರೆಯಲ್ಲಿ ಈ ತೊಡಕು ಇಮ್ಮಡಿಯಾಗಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (814–878) ಕಾಲದವನಾದ ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ತನಗಿಂತ ಹಿಂದಿನ ಆಚಾರ್ಯರು ಯಾರು ಯಾವ ಅಂಗವನ್ನು ಬರೆದರೆಂಬುದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಪಾತ್ರಸ್ವಾಮಿಗಳು ಶಲ್ಯತಂತ್ರವನ್ನೂ, ಸಿದ್ಧಸೇನರು ವಿಷ ಮತ್ತು ಉಗ್ರಗ್ರಹಗಳ ಶಮನವಿಧಿಯನ್ನೂ, ದಶರಥಗುರುಗಳು ಕಾಯಚಿಕಿತ್ಸೆಯನ್ನೂ, ಮೇಘನಾದರು ಬಾಲವೈದ್ಯವನ್ನೂ ರಚಿಸಿದರು, ಶಾಲಾಕ್ಯವು ಪೂಜ್ಯಪಾದರದು. ಕೊರಳಿಂದ ಮೇಲಿನ ರೋಗಗಳೆಲ್ಲ ಶಾಲಾಕ್ಯದ ವ್ಯಾಪ್ತಿಯವೆಂಬುದು ವಿದಿತವೇ ಇದೆ. ಕಪಾಲವ್ಯಾಧಿಗಳ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ಆ ಗ್ರಂಥವೇ ಇಂದು ಉಪಲಬ್ಧವಿಲ್ಲ. ಪೂಜ್ಯಪಾದರು ವೈದ್ಯಶಾಸ್ತ್ರವನ್ನೂ ರಚಿಸಿದರೆಂದು ಹುಂಚದ ಶಾಸನವು ಹೊಗಳುತ್ತದೆ. ಅವರ ಹೆಸರಿನಲ್ಲಿ ಬಿಡಿ ಯೋಗಗಳು ಅನೇಕ ಹಸ್ತಪ್ರತಿಗಳಲ್ಲಿ ಹರಡಿಕೊಂಡಿವೆ. ಇವೆಲ್ಲ ಜೈನೇಂದ್ರ ವ್ಯಾಕರಣದ ಕರ್ತೃವಾದ ದೇವನಂದಿ ಪೂಜ್ಯಪಾದರವೇ, ಅಥವಾ ಆ ಪೂಜ್ಯನಾಮವನ್ನು ಆಶ್ರಯಿಸಿದ ಈಚಿನ ವೈದ್ಯರವೇ ಎಂಬ ಚರ್ಚೆ ಹಳೆಯದು. ರಸಪಾಷಾಣಗಳನ್ನು ಹೇಳುವ ಯೋಗಗಳಾದರೂ ಈಚಿನವೆಂದೇ ನನ್ನ ಮತ.

ಕನ್ನಡದಲ್ಲಿ ಸುಮಾರು 1150ರ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಅನುವಾದಿಸಿದನು. ಕನ್ನಡದಲ್ಲಿ ಮಾನವವೈದ್ಯವನ್ನು ಕುರಿತು ನಮಗೆ ಉಳಿದುಬಂದಿರುವ ಪ್ರಾಚೀನತಮ ಗ್ರಂಥಗಳಲ್ಲಿ ಅದು ಅಗ್ರಗಣ್ಯ. ಅದರ ಚಿಕಿತ್ಸೆ ಮದ್ಯಮಾಂಸವರ್ಜಿತವೆಂಬುದು ಸಾಹಿತ್ಯಚರಿತ್ರಕಾರರೆಲ್ಲರೂ ಎತ್ತಿ ಹೇಳಿರುವ ಸಂಗತಿ. ಕೀರ್ತಿವರ್ಮನ ಗೋವೈದ್ಯ (ಸು. 1125), ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ (ಸು. 1200), ಮಂಗರಾಜನ ಖಗೇಂದ್ರಮಣಿದರ್ಪಣ (ಸು. 1360), ಶ್ರೀಧರದೇವನ ವೈದ್ಯಾಮೃತ (ಸು. 1500), ಸಾಳ್ವನ ವೈದ್ಯಸಾಂಗತ್ಯ (ಸು. 1550) ಇವು ಆ ಸಾಲಿನ ಮುಂದಿನ ಕೊಂಡಿಗಳು. ಇವುಗಳಲ್ಲಿ ಹಲವು ಒಂದೊಂದು ವಿಶೇಷ ವಿಷಯವನ್ನು ಹಿಡಿದುಕೊಂಡವು. ದಿನಬಳಕೆಯ ಸಣ್ಣ ರೋಗಗಳ ಯೋಗಗಳಾದರೋ ಹೆಚ್ಚಾಗಿ ಬಿಡಿ ಗರಿಗಳಲ್ಲಿ, ಮನೆವೈದ್ಯದ ಕಟ್ಟುಗಳಲ್ಲಿ, ಪೂಜಾವಿಧಾನದ ಓಲೆಗಳ ನಡುವೆ ಸೇರಿಕೊಂಡ ಪುಟಗಳಲ್ಲಿ ಉಳಿದುಬಂದಿವೆ.

ಈ ವಿಷಯವು ನನಗೆ ಕೇವಲ ಗ್ರಂಥಸೂಚಿಯ ವಿಷಯವಾಗಿ ಉಳಿಯದಿರಲು ಒಂದು ಕಾರಣವುಂಟು. ಬೆಂಗಳೂರಿನ ಕೃಷ್ಣರಾಜಪುರದಲ್ಲಿರುವ ನಮ್ಮ ಅತ್ತಿಗೆಯವರಿಗೆ ಹಲವು ವರ್ಷಗಳಿಂದ ತಲೆಯಲ್ಲಿ ಹೊಟ್ಟು, ತುರಿಕೆ. ಕಿವಿಯ ಹಿಂದೆ ಮತ್ತು ಹುಬ್ಬಿನಲ್ಲಿ ಹಳದಿಯ ಜಿಡ್ಡುಹುರುಪೆ. ಆ ಭಾಗದಲ್ಲಿ ಕೊಳವೆಬಾವಿಯ ಗಡುಸು ನೀರು. ಸೀಗೆಯಿರಲಿ ಸಾಬೂನಿರಲಿ ಸರಿಯಾಗಿ ಬಿಟ್ಟುಹೋಗುವುದಿಲ್ಲ. ನೀರಿನ ದೋಷವೆಂದು ಮೊದಲು, ಉಷ್ಣವೆಂದು ಅನಂತರ ತಿಳಿದು, ಹರಳೆಣ್ಣೆ, ಕೊಬ್ಬರಿ ಎಣ್ಣೆ, ಗರುಗದ ಎಣ್ಣೆ ಹೀಗೆ ಒಂದರ ಮೇಲೊಂದು ಹಚ್ಚುತ್ತಾ ಬಂದರು. ಹಚ್ಚಿದ ದಿನ ಹೊಟ್ಟು ಅಡಗಿದಂತೆ ಕಾಣುವುದು, ವಾರದೊಳಗೆ ಇಮ್ಮಡಿಯಾಗುವುದು. ಕೊನೆಗೆ ನಾಟಿವೈದ್ಯರೊಬ್ಬರು ಒಂದು ಲೇಪವನ್ನು ಹೇಳಿ ಜೇನಿನಲ್ಲಿ ಕಲಸಿ ಹಚ್ಚಬೇಕೆಂದರು. ಅತ್ತಿಗೆಯವರು ಮಧುತ್ಯಾಗದ ವ್ರತದವರು. "ತಿನ್ನುವುದಕ್ಕಲ್ಲವಲ್ಲಮ್ಮ, ತಲೆಗೆ ತಾನೆ" ಎಂದು ಅವರು ಹೇಳಿದರಂತೆ. ಅತ್ತಿಗೆಯವರು ನನ್ನನ್ನು ಕೇಳಿದ ಪ್ರಶ್ನೆ ಎರಡು ಮಾತಿನದು: "ನಮ್ಮ ಆಚಾರ್ಯರು ಇದಕ್ಕೆ ಏನು ಹೇಳಿದ್ದಾರೆ? ಜೇನಿಲ್ಲದೆ ಆಗುವುದಿಲ್ಲವೆ?"

ಆ ಲೇಪವು ಹೊಸದಲ್ಲ. ಪ್ರಿಯಾಲದ ಬೀಜ, ಮಧುಕ, ಕುಷ್ಠ ಇವುಗಳ ಜೊತೆಗೆ ಇನ್ನೊಂದೆರಡು ದ್ರವ್ಯಗಳನ್ನು ಅರೆದು ಮಧುವಿನೊಡನೆ ದಾರುಣಕದಲ್ಲಿ ತಲೆಗೆ ಲೇಪಿಸುವ ಯೋಗವು ವಾಗ್ಭಟನ ಕಾಲದಿಂದ ಚಕ್ರದತ್ತಾದಿ ಸಂಗ್ರಹಗ್ರಂಥಗಳವರೆಗೆ ಬಂದಿರುವ ಪ್ರಸಿದ್ಧ ಯೋಗ. ಆದರೆ ಪಾಠವನ್ನು ಪರಿಶೀಲಿಸಿದರೆ ಅದು ಎಷ್ಟು ಅಸ್ಥಿರವಾಗಿದೆಯೆಂಬುದು ತಿಳಿಯುತ್ತದೆ. ಕುಷ್ಠದ ಮುಂದೆ ಒಂದು ಪಾಠದಲ್ಲಿ 'ಮಾಷ' ಎಂದಿದ್ದರೆ ಇನ್ನೊಂದರಲ್ಲಿ 'ಮಿಶ್ರ' ಎಂದಿದೆ. ಮೊದಲನೆಯದು ನಿಂತರೆ ಲೇಪದಲ್ಲಿ ಉದ್ದು ಸೇರುತ್ತದೆ. ಎರಡನೆಯದು ನಿಂತರೆ ಉದ್ದು ಇಲ್ಲವೇ ಇಲ್ಲ, ಹಿಂದೆ ಹೇಳಿದ ದ್ರವ್ಯಗಳನ್ನು ಬೆರಸು ಎಂದಷ್ಟೇ ಅರ್ಥ. ಅದರ ಮುಂದೆ ಒಂದೆಡೆ 'ಸರ್ಷಪ', ಒಂದೆಡೆ 'ಸೈಂಧವ'. ಸಾಸಿವೆಗೂ ಸೈಂಧವಲವಣಕ್ಕೂ ಇರುವ ಅಂತರ ಸಣ್ಣದಲ್ಲ. ಕೆರೆದು ಬಿರಿದ ಚರ್ಮದ ಮೇಲೆ ಎರಡೂ ಉರಿಯನ್ನೇ ಕೊಡುತ್ತವಾದರೂ ಸಾಸಿವೆ ಬೊಬ್ಬೆಯನ್ನೂ ಎಬ್ಬಿಸಬಲ್ಲದು. ಪಾಠಾಂತರವೆಂದು ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚುಹಾಕಿ ನಾವು ಮುಂದೆ ಹೋಗುವ ಇಂತಹ ಭೇದಗಳನ್ನು ರೋಗಿಯು ತನ್ನ ತಲೆಯ ಮೇಲೆ ಅನುಭವಿಸುತ್ತಾನೆ.

ಇನ್ನು 'ಮಧುಕ'. ಇದು ಯಷ್ಟಿಮಧು, ಎಂದರೆ ಜ್ಯೇಷ್ಠಮಧು ಅಥವಾ ಅತಿಮಧುರವೆಂದು ಗಂಧಿಗೆಯಂಗಡಿಯಲ್ಲಿ ದೊರೆಯುವ ಬೇರು. ಇದರ ಪಕ್ಕದಲ್ಲಿಯೇ 'ಮಧೂಕ' ಎಂಬ ಇನ್ನೊಂದು ಪದವಿದೆ; ಅದು ಹಿಪ್ಪೆಯ ಮರ. ಇವೆರಡಕ್ಕೂ ಜೊತೆಯಾಗಿ 'ಮಧು' ಎಂಬ ಪದವಿದೆ, ಅದು ಜೇನು. ಒಂದು ದೀರ್ಘ ಹೆಚ್ಚಾದರೆ ಬೇರು ಹೋಗಿ ಮರ ಬರುತ್ತದೆ. ಒಂದು ಅಕ್ಷರ ಬಿದ್ದರೆ ಬೇರು ಹೋಗಿ ಜೇನು ಬರುತ್ತದೆ. ಅಕ್ಷರ ಬೀಳುವುದಕ್ಕೆ ಇಲ್ಲಿ ಅನುಕೂಲವೂ ಇದೆ: ಮಧುಕದ ಕೊನೆಯ ಕಕಾರ, ಕುಷ್ಠದ ಮೊದಲ ಕಕಾರ ಇವೆರಡೂ ಒತ್ತಿಗೊತ್ತಿ ಬಂದಾಗ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರುವುದು ಸಹಜ. ಪದವಿಭಾಗವಿಲ್ಲದ ಓಲೆಯ ಬರಹದಲ್ಲಿ 'ಮಧುಕಕುಷ್ಠ' ಎಂಬುದು 'ಮಧುಕುಷ್ಠ' ಆಯಿತೆಂದರೆ ಮುಂದಿನ ಓದುಗನು ಜೇನು ಮತ್ತು ಕೋಷ್ಠವೆಂದೇ ಅರ್ಥ ಮಾಡುವನು.

ಸಂಸ್ಕೃತ ಶ್ಲೋಕದಲ್ಲಿ ಛಂದಸ್ಸು ನಮಗೆ ರಕ್ಷೆಯಾಗಿದೆ. ಅನುಷ್ಟುಪ್ಪಿನ ಮೊದಲ ಪಾದದ ಎಂಟನೆಯ ಅಕ್ಷರವೇ ಆ ಕಕಾರ. ಅದು ಬಿದ್ದರೆ ಪಾದ ಏಳಕ್ಷರವಾಗಿ ಕುಂಟುತ್ತದೆ. ಐದು, ಆರು, ಏಳನೆಯ ಅಕ್ಷರಗಳು ಮೂರೂ ಲಘುವಾಗಿ, ನಾಲ್ಕನೆಯದು ಗುರುವಾಗಿರುವುದರಿಂದ ಪಾದವು ನ-ವಿಪುಲೆಯ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ. 'ಮಧೂಕ' ಎಂದು ದೀರ್ಘ ಮಾಡಿದರೆ ಆ ಸ್ಥಾನದಲ್ಲಿ ಸಗಣ ಬಂದು ಶ್ಲೋಕದ ನಡೆಗೆ ವಿರುದ್ಧವಾಗುತ್ತದೆ. ಹೀಗೆ ಜ್ಯೇಷ್ಠಮಧುವನ್ನು ಹಿಪ್ಪೆಯಿಂದಲೂ ಜೇನಿನಿಂದಲೂ ಕಾಪಾಡುವುದು ಒಂದು ಲಘುವಿನ ಸ್ಥಾನ. ಆದರೆ ಇದೇ ಯೋಗ ಕನ್ನಡದ ಗದ್ಯಟೀಕಿಗೆ ಇಳಿದ ಮೇಲೆ, ಅಥವಾ ವೈದ್ಯನು ತನ್ನ ನೆನಪಿಗಾಗಿ ದ್ರವ್ಯಗಳ ಹೆಸರನ್ನಷ್ಟೇ ಗೀಚಿಕೊಂಡ ಮೇಲೆ, ಆ ರಕ್ಷೆ ಇರುವುದಿಲ್ಲ. ಕಂದಪದ್ಯದಲ್ಲಿ ಮಾತ್ರೆಯ ಲೆಕ್ಕವಾದರೂ ಇದೆ; ಗದ್ಯದಲ್ಲಿ ಅದೂ ಇಲ್ಲ.

ಇಂತಹ ದ್ವ್ಯರ್ಥಗಳು ಶಿರೋವ್ಯಾಧಿಗಳ ಪ್ರಕರಣದಲ್ಲಿ ವಿಶೇಷವಾಗಿ ಕಿಕ್ಕಿರಿದಿವೆ. 'ಕುಷ್ಠ' ಎಂಬುದು ಹಿಮಾಲಯದ ಕೋಷ್ಠದ ಬೇರೂ ಹೌದು, ರೋಗವೂ ಹೌದು. 'ಮಾಷ' ಉದ್ದೂ ಹೌದು, ತೂಕದ ಪ್ರಮಾಣವೂ ಹೌದು. 'ಗುಂಜಾ' ಎಂದರೆ ಗುಲಗಂಜಿಯ ಬೀಜ, ಅಷ್ಟು ತೂಕವೂ ಗುಂಜೆಯೇ. ಎಲ್ಲಕ್ಕಿಂತ ನಮಗೆ ಮುಖ್ಯವಾದುದು 'ಮಾಂಸೀ': ಕೇಶತೈಲಗಳಲ್ಲಿ ಬರುವ ಜಟಾಮಾಂಸಿ. ಓಲೆಯ ತೂತಿನ ಬಳಿಯೋ ಮುಕ್ಕಾದ ಅಂಚಿನಲ್ಲಿಯೋ ಆ ಸಕಾರದ ಮೇಲಿನ ಗುಡಿಸು ಅಳಿಸಿಹೋದರೆ ಉಳಿಯುವುದು 'ಮಾಂಸ'. ಜೈನ ವೈದ್ಯಕೃತಿಯೊಂದರ ಪ್ರತಿಯಲ್ಲಿ ಮಾಂಸವೆಂಬ ಪದ ಕಂಡೊಡನೆ, ಅದನ್ನು ಪ್ರಕ್ಷಿಪ್ತವೆಂದು ತೆಗೆದುಹಾಕುವುದೂ ಸರಿಯಲ್ಲ, ಗ್ರಂಥಕಾರನಿಗೆ ಶಿಥಿಲಾಚಾರವನ್ನು ಆರೋಪಿಸುವುದೂ ಸರಿಯಲ್ಲ. ಗುಡಿಸು ಇತ್ತೇ ಎಂದು ಕೈಗನ್ನಡಿಯಿಂದ ಮೊದಲು ನೋಡಬೇಕು. ಉಗ್ರಾದಿತ್ಯನು ತನ್ನ ಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂದು ಒಂದು ಪ್ರಕರಣವನ್ನೇ ಸೇರಿಸಿ, ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಮತ್ತು ವೈದ್ಯರ ಎದುರು ಮಾಂಸಭಕ್ಷಣವು ಔಷಧಕ್ಕೂ ಅನಗತ್ಯವೆಂದು ಸಾಧಿಸಿದವನು. 1940ರಲ್ಲಿ ಸೊಲ್ಲಾಪುರದಿಂದ ಆ ಗ್ರಂಥವನ್ನು ಹಿಂದಿ ಅನುವಾದದೊಡನೆ ಪ್ರಕಟಿಸಿದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಉಪಕಾರವನ್ನು ನಾವು ಮರೆಯುವಂತಿಲ್ಲ.

ಪಾಠಶುದ್ಧಿಯಿಂದ ಒಂದು ಮಧು ಹೋಯಿತು. ಆದರೆ ಯೋಗದ ಕೊನೆಯಲ್ಲಿ ಮಧುಸಂಯುಕ್ತವಾಗಿ ಲೇಪಿಸಬೇಕೆಂದು ಹೇಳಿದ ಜೇನು ಹೋಗುವುದಿಲ್ಲ. ಅಲ್ಲಿ ಲಿಪಿಕಾರನ ದೋಷವೇನೂ ಇಲ್ಲ. ಸಮಂತಭದ್ರರು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಪಂಚಾಣುವ್ರತಗಳೊಡನೆ ಮದ್ಯಮಾಂಸಮಧುತ್ಯಾಗವನ್ನು ಹೇಳಿದರೆ, ಅಮೃತಚಂದ್ರರು ಆ ಮೂರರೊಡನೆ ಪಂಚೋದುಂಬರಗಳನ್ನು ಹೇಳಿದರು. ಬಾಹ್ಯಲೇಪಕ್ಕೆ ಈ ತ್ಯಾಗ ಅನ್ವಯಿಸುವುದೇ ಎಂಬುದರಲ್ಲಿ, ಭೋಜನಪ್ರಕರಣದ ನಿಷೇಧವಾದ್ದರಿಂದ ಅನ್ವಯಿಸದೆಂದು ಹೇಳುವವರು ಇದ್ದಾರೆ. ಅಮೃತಚಂದ್ರರಾದರೋ ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಆಶ್ರಿತ ಜೀವಿಗಳ ಘಾತವಿದೆಯೆಂದು ಯುಕ್ತಿ ಹೇಳಿದ್ದಾರೆ. ಆ ಯುಕ್ತಿ ನಾಲಗೆಯನ್ನು ಕುರಿತದ್ದಲ್ಲ, ಜೇನಿನ ಉತ್ಪತ್ತಿಯನ್ನು ಮತ್ತು ಆಶ್ರಿತ ಜೀವಿಗಳನ್ನು ಕುರಿತದ್ದು. ತಿಂದರೂ ಹಚ್ಚಿದರೂ ಅದು ಒಂದೇ. ಅತ್ತಿಗೆಯವರು ನಿರಾಕರಿಸಿದ್ದು ಸರಿಯೆಂದೇ ನಾನು ತಿಳಿಯುತ್ತೇನೆ.

ಹಾಗೆಂದು ಜೇನು ಆ ಯೋಗದಲ್ಲಿ ಸುಮ್ಮನೆ ಸೇರಿದ ವಸ್ತುವೆಂದು ಹೇಳುವುದು ಪಾಂಡಿತ್ಯವಲ್ಲ, ಪಕ್ಷಪಾತ. 2001ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪರೀಕ್ಷೆಯಲ್ಲಿ ದೀರ್ಘಕಾಲದ ತಲೆಹೊಟ್ಟು ಮತ್ತು ಅದಕ್ಕೆ ಸಂಬಂಧಿಸಿದ ಚರ್ಮದುರಿತವಿದ್ದ 30 ರೋಗಿಗಳಿಗೆ, ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ತೆಳುವಾಗಿಸಿದ ಕಚ್ಚಾ ಜೇನನ್ನು ದಿನ ಬಿಟ್ಟು ದಿನ 4 ವಾರ ಹಚ್ಚಿ ನೋಡಿದಾಗ ತುರಿಕೆಯೂ ಹುರುಪೆಯೂ ಇಳಿದುವು. ಪರೀಕ್ಷೆ ಚಿಕ್ಕದು, ಆದರೂ ಪ್ರಾಚೀನರ ಅನುಭವಕ್ಕೆ ಆಧಾರವಿತ್ತೆಂಬುದನ್ನು ಅದು ತೋರಿಸುತ್ತದೆ. ಜೇನನ್ನು ಬಿಟ್ಟ ಜೈನವೈದ್ಯನು ಏನೂ ಕಳೆದುಕೊಳ್ಳಲಿಲ್ಲವೆನ್ನಲಾಗದು. ಅವನು ತಿಳಿದೇ ಬಿಟ್ಟನು, ಬಿಟ್ಟುದರ ಬದಲಿಗೆ ಬೇರೊಂದನ್ನು ಹುಡುಕುವ ಶ್ರಮವನ್ನೂ ಹೊತ್ತನು. ಆಯುರ್ವೇದದ ಒಳಗೇ ಪ್ರತಿನಿಧಿದ್ರವ್ಯದ ವಿಧಿಯುಂಟು: ಜೇನು ದೊರೆಯದಿದ್ದಲ್ಲಿ ಹಳೆಯ ಬೆಲ್ಲವೆಂದು ಭಾವಪ್ರಕಾಶವು ಹೇಳುತ್ತದೆ. ಆದರೆ ಅದು ಅನುಪಾನಕ್ಕೆ ಹೊಂದುವ ಮಾತು. ತಲೆಗೆ ಬೆಲ್ಲದ ನೀರನ್ನು ಹಚ್ಚುವುದರಿಂದ ಜಿಡ್ಡು ಹೆಚ್ಚೀತೇ ಹೊರತು ಗುಣ ಕಾಣದು. ಜೇನೇ ಬೇಡದ ಯೋಗವೂ ಉಂಟು: ಗಸಗಸೆಯನ್ನು ಹಾಲಿನಲ್ಲಿ ಅರೆದು ಹಚ್ಚುವುದು. ವ್ರತಿಗಳಿಗೆ ಇದು ನಿರ್ದೋಷ. ಆದರೆ ಇದು ತುರಿಕೆಯನ್ನು ಸ್ವಲ್ಪ ಶಮನ ಮಾಡುವ ತಂಪುಲೇಪವೆಂದು ತೋರುವುದೇ ಹೊರತು ಇದಕ್ಕಿಂತ ಹೆಚ್ಚಿನದನ್ನು ಇದರಿಂದ ನಾನು ನಿರೀಕ್ಷಿಸುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಗುಲಗಂಜಿಯ ಕಲ್ಕ ಮತ್ತು ಗರುಗದ ರಸದಲ್ಲಿ ಕಾಯಿಸಿದ ಎಣ್ಣೆ ದಾರುಣಕಕ್ಕೆ ಪ್ರಸಿದ್ಧ. ಗುಲಗಂಜಿಯನ್ನು ಶಾಸ್ತ್ರವು ಉಪವಿಷಗಳಲ್ಲಿ ಎಣಿಸಿದೆ; ಅದರ ಬೀಜದಲ್ಲಿರುವ ಅಬ್ರಿನ್ ಎಂಬ ವಿಷವು ಅತ್ಯಲ್ಪ ಪ್ರಮಾಣದಲ್ಲಿಯೂ ಪ್ರಾಣಾಪಾಯಕಾರಿ. ಹಾಲಿನಲ್ಲಿಯೋ ಗಂಜಿಯಲ್ಲಿಯೋ ಬೇಯಿಸಿ ಶೋಧಿಸುವ ವಿಧಿಯನ್ನು ಬಲ್ಲ ವೈದ್ಯನು ಅದನ್ನು ಪ್ರತ್ಯೇಕವಾಗಿ ಬರೆಯಬೇಕಾಗಿರಲಿಲ್ಲ. ಬಿಡಿ ಗರಿಯಲ್ಲಿ ಯೋಗವಷ್ಟೇ ಉಳಿದಿರುತ್ತದೆ. ಇಂತಹ ಯೋಗವನ್ನು ಪ್ರಕಟಿಸುವ ಸಂಪಾದಕನು ಶೋಧನವಿಧಿಯು ಗರಿಯಲ್ಲಿ ಇಲ್ಲವೆಂಬುದನ್ನು ಯೋಗದ ಪಕ್ಕದಲ್ಲಿಯೇ ಹೇಳಬೇಕೆಂದೂ, ಇದನ್ನು ಮನೆಯಲ್ಲಿ ಮಾಡಿಕೊಳ್ಳುವ ಸಾಹಸಕ್ಕೆ ಯಾರೂ ಕೈಹಾಕಬಾರದೆಂದೂ ನನ್ನ ನಿವೇದನೆ. ಅರೂಂಷಿಕೆಗೆ ಹೇಳಿದ ಕುದುರೆಯ ಲದ್ದಿಯ ರಸದ ಲೇಪವೂ ಇದೇ ಜಾತಿಯದು. ಒಡೆದ ಹುಣ್ಣಿಗೆ ಅದನ್ನು ಹಚ್ಚಿದರೆ ಧನುರ್ವಾಯು ಬರಬಹುದೆಂದು ಇಂದು ಬಲ್ಲೆವು.

ಎಣ್ಣೆಯೇ ಏಕೆ ಅತ್ತಿಗೆಯವರಿಗೆ ಒಗ್ಗಲಿಲ್ಲವೆಂಬುದಕ್ಕೆ ಉತ್ತರ ರೋಗನಿರ್ಣಯದಲ್ಲಿದೆ. ದಾರುಣಕವೆಂದರೆ ತುರಿಕೆ, ಕೂದಲುದುರುವಿಕೆ, ಸ್ಪರ್ಶ ಮಂದವಾಗುವುದು, ಒರಟುತನ, ಚರ್ಮದ ಬಿರಿತ, ಕಾರಣ ಕಫವಾತಗಳು. ಅರೂಂಷಿಕೆಯೆಂದರೆ ಕಫ, ರಕ್ತ, ಕ್ರಿಮಿಗಳಿಂದ ಹುಟ್ಟುವ, ಅನೇಕ ಬಾಯಿಗಳುಳ್ಳ ಸೋರುವ ಗುಳ್ಳೆಗಳು. ಇಂದ್ರಲುಪ್ತದಲ್ಲಿ ಹೊಟ್ಟಿಲ್ಲ, ಹುಣ್ಣಿಲ್ಲ, ಕೂದಲು ಮಾತ್ರ ಹೋಗುತ್ತದೆ. ಈಗಿನ ಚರ್ಮವೈದ್ಯರು ತಲೆಹೊಟ್ಟು ಮತ್ತು ಅದರ ತೀವ್ರರೂಪ, ಸೋರಿಯಾಸಿಸ್, ಮಕ್ಕಳ ತಲೆಗೆ ಬರುವ ಹುಳುಕಡ್ಡಿ ಎಂದು ವಿಭಾಗಿಸುವ ರೋಗಗಳು ಈ ಪ್ರಾಚೀನ ಹೆಸರುಗಳಿಗೆ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಒಣಗಿದ, ಬಿರಿಯುವ ಚರ್ಮಕ್ಕೆ ಎಣ್ಣೆ ಹಿತ. ಜಿಡ್ಡುಹುರುಪೆಯ ರೋಗದಲ್ಲಿಯೋ, ಎಲ್ಲರ ಚರ್ಮದಲ್ಲಿಯೂ ವಾಸಿಸುವ ಮಲಸೇಜಿಯ ಎಂಬ ಸೂಕ್ಷ್ಮ ಶಿಲೀಂಧ್ರವು (1874ರಲ್ಲಿ ಫ್ರಾನ್ಸಿನ ಮಲಸೇ ಎಂಬ ವಿದ್ವಾಂಸನು ಇದನ್ನು ವರ್ಣಿಸಿದನು) ಮೇದಸ್ಸನ್ನೇ ತಿಂದು ಬೆಳೆಯುತ್ತದೆ. ಅದು ಉಳಿಸುವ ಆಮ್ಲದಿಂದ ಕೆಲವರ ಚರ್ಮ ಕೆರಳುತ್ತದೆ. ಅಲ್ಲಿ ಎಣ್ಣೆ ಹಚ್ಚಿ ಬಿಡುವುದು ರೋಗಕ್ಕೆ ಉಣಿಸಿದಂತೆ. ಹುಳುಕಡ್ಡಿಯಾದರೆ ಕೂದಲಿನ ಒಳಗೇ ಶಿಲೀಂಧ್ರವಿರುವುದರಿಂದ ಲೇಪವಾಗಲಿ ಮಜ್ಜನವಾಗಲಿ ಸಾಲದು, ಒಳಗೆ ಔಷಧ ಕೊಡಬೇಕು. ಸೋರಿಯಾಸಿಸ್ ಶಿಲೀಂಧ್ರದಿಂದ ಬರುವುದೇ ಅಲ್ಲ. ಒಂದೇ ಹೊಟ್ಟು, ಮೂರು ದಾರಿ.

ಈ ದೃಷ್ಟಿಯಿಂದ ನೋಡಿದಾಗ, ಸುಶ್ರುತನು ದಾರುಣಕಕ್ಕೆ ಹೇಳಿದ ವಿಧಿಗಳಲ್ಲಿ ಸಿರಾವೇಧ, ನಸ್ಯ, ಅಭ್ಯಂಗಗಳ ಕೊನೆಯಲ್ಲಿ ಬರುವ, ವ್ಯಾಖ್ಯಾನಕಾರರು ಹೆಚ್ಚು ನಿಲ್ಲದ ಒಂದು ವಿಧಿ ನನಗೆ ಅತ್ಯಂತ ಮಹತ್ತ್ವದ್ದಾಗಿ ಕಾಣುತ್ತದೆ: ಕೋದ್ರವದ ಹುಲ್ಲನ್ನು ಸುಟ್ಟ ಕ್ಷಾರದ ನೀರಿನಿಂದ ತಲೆಯನ್ನು ತೊಳೆಯುವುದು. ಕೋದ್ರವವೆಂದರೆ ನಮ್ಮ ಹಾರಕ. ಎಣ್ಣೆಯನ್ನು ಹೇಳಿದ ಆಚಾರ್ಯನೇ ಅದನ್ನು ಪೂರ್ತಿಯಾಗಿ ತೊಳೆಯುವುದನ್ನೂ ಹೇಳಿದನು. ನಮ್ಮ ಮನೆಗಳಲ್ಲಿ ಎಣ್ಣೆ ಉಳಿಯಿತು, ತೊಳೆಯುವ ಕ್ಷಾರ ಬಿಟ್ಟುಹೋಯಿತು. ಜಿಡ್ಡನ್ನು ಕರಗಿಸುವುದು ಕ್ಷಾರದ ಸ್ವಭಾವ. ಮಧುವಿಲ್ಲ, ಮಾಂಸವಿಲ್ಲ, ವ್ರತಕ್ಕೆ ವಿರೋಧವಿಲ್ಲ. ಆದರೆ ಪ್ರಮಾಣ ಹೇಳಿಲ್ಲ. ತೀಕ್ಷ್ಣ ಕ್ಷಾರ ಚರ್ಮವನ್ನು ಸುಡುತ್ತದೆ. ಹಾರಕದ ಅಕ್ಕಿ ಈಗ ಸಿರಿಧಾನ್ಯದಂಗಡಿಗಳಲ್ಲಿ ಧಾರಾಳವಾಗಿ ದೊರೆತರೂ ಕೃಷ್ಣರಾಜಪುರದ ಸಂತೆಯಲ್ಲಿ ಅದರ ಹುಲ್ಲನ್ನು ಕೇಳಿದರೆ ನಗುತ್ತಾರೆ.

ಅತ್ತಿಗೆಯವರು ಕಡೆಗೆ ಚರ್ಮವೈದ್ಯರನ್ನು ಕಂಡರು. ಹುರುಪೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳುಕಡ್ಡಿಯಲ್ಲವೆಂದು ಖಚಿತಪಡಿಸಿಕೊಂಡು, ಎಣ್ಣೆಯನ್ನು ನಿಲ್ಲಿಸಿ, ಶೇ. 2 ಪ್ರಮಾಣದ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ತಲೆಯಲ್ಲಿ ಐದು ನಿಮಿಷ ಬಿಟ್ಟು ತೊಳೆಯುವಂತೆ 4 ವಾರಗಳಿಗೆ ಬರೆದುಕೊಟ್ಟರು. ಅನಂತರ ಎರಡು ವಾರಕ್ಕೊಮ್ಮೆ. ಅತ್ತಿಗೆಯವರು ಶೀಶೆಯ ಮೇಲಿನ ಚೀಟಿಯನ್ನು ನನ್ನಿಂದ ಓದಿಸಿದರು. ಕೆಲವು ತಯಾರಿಕೆಗಳಲ್ಲಿ ಪ್ರಾಣಿಜನ್ಯ ಕೊಲಾಜೆನ್ ಸೇರಿಸುವುದುಂಟು; ಇದರಲ್ಲಿ ಇರಲಿಲ್ಲ. ಓಲೆಯನ್ನು ಓದುವ ಅಭ್ಯಾಸದಿಂದ ಈ ಚೀಟಿಯ ಸಣ್ಣಕ್ಷರವೂ ನನಗೆ ದೊಡ್ಡದಾಗಿಯೇ ಕಂಡಿತು. ತುರಿಕೆ ತಿಂಗಳೊಳಗೆ ಇಳಿಯಿತು. ಪೂರ್ತಿ ಹೋಯಿತೆನ್ನುವಂತಿಲ್ಲ, ಬಿಟ್ಟರೆ ಮತ್ತೆ ಬರುತ್ತದೆಂದು ವೈದ್ಯರೇ ಹೇಳಿದ್ದಾರೆ. ಸಾಧ್ಯ, ಯಾಪ್ಯ, ಅಸಾಧ್ಯ ಎಂಬ ಶಾಸ್ತ್ರದ ವಿಭಾಗದಲ್ಲಿ, ಚಿಕಿತ್ಸೆಯಿರುವವರೆಗೆ ಅಡಗಿರುವ ಯಾಪ್ಯಕ್ಕೆ ಇದು ಸೇರುತ್ತದೆ. ಪ್ರಾಚೀನರು ದಾರುಣಕವನ್ನು ಸಾಧ್ಯವೆಂಬಂತೆಯೇ ನಿರೂಪಿಸಿದ್ದಾರೆ. ಸಾಧ್ಯವೆಂದು ನಂಬಿದವರು ಒಂದು ಯೋಗ ಫಲಿಸದಿದ್ದರೆ ಇನ್ನೊಂದಕ್ಕೆ ಹಾರುತ್ತಾರೆ; ಯಾಪ್ಯವೆಂದು ತಿಳಿದವರು ಒಗ್ಗಿದ ಒಂದನ್ನು ಹಿಡಿದು ನಡೆಸುತ್ತಾರೆ.

ಶಿಲೀಂಧ್ರನಾಶಕವನ್ನು ಬಳಸುವುದು ಹಿಂಸೆಯಲ್ಲವೇ ಎಂಬ ಶಂಕೆಯನ್ನು ಪಂಡಿತಮಿತ್ರರೊಬ್ಬರು ಎತ್ತಿದರು. ಹೇನು, ಸೀರುಗಳ ವಿಷಯದಲ್ಲಿ ಈ ಶಂಕೆ ಯುಕ್ತ; ಹೇನು ತ್ರೀಂದ್ರಿಯ ಜೀವಿಯೆಂದು ಆಗಮವೇ ಹೇಳುತ್ತದೆ. ಶಿಲೀಂಧ್ರವನ್ನು ಆಗಮದ ವಿಭಾಗದಲ್ಲಿ ಇಡುವುದಾದರೆ ಏಕೇಂದ್ರಿಯ ವನಸ್ಪತಿಕಾಯದಲ್ಲಿಯೇ ಇಡಬೇಕು. ಅಣುವ್ರತಿಯ ತ್ಯಾಗವು ಸಂಕಲ್ಪಪೂರ್ವಕ ತ್ರಸಹಿಂಸೆಯನ್ನು ಕುರಿತದ್ದು. ಸ್ಥಾವರದ ವಿಷಯದಲ್ಲಿ ಅವನಿಗೆ ವಿಧಿಸಿರುವುದು ನಿಷ್ಪ್ರಯೋಜನ ಘಾತದಿಂದ ನಿವೃತ್ತಿ. ರೋಗಶಮನವು ನಿಷ್ಪ್ರಯೋಜನವಲ್ಲ. ಗೃಹಸ್ಥನಿಗೆ ವ್ರತಭಂಗವಿಲ್ಲವೆಂದು ನಾನು ಉತ್ತರಿಸಿದೆನು.

ಮುನಿಗಳ ವಿಷಯ ಬೇರೆ. 28 ಮೂಲಗುಣಗಳಲ್ಲಿ ಅಸ್ನಾನವೂ ಲೋಚವೂ ಸೇರಿವೆ. ಎರಡು ತಿಂಗಳಿಗೆ ಉತ್ಕೃಷ್ಟ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯವೆಂದು ಲೋಚದ ಕಾಲನಿಯಮ. ತೊಳೆದುಬಿಡಬೇಕಾದ ಯಾವ ಔಷಧವೂ ಅವರಿಗೆ ಸಲ್ಲುವಂತಿಲ್ಲ. ರೋಗವೂ ಮಲವೂ 22 ಪರೀಷಹಗಳಲ್ಲಿ ಎಣಿಕೆಯಾಗಿವೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಬಲ್ಲವರಿಗೆ, ದೇಹರೋಗದ ಚಿಕಿತ್ಸೆಯನ್ನು ಒಲ್ಲದ ಮುನಿಯ ಚಿತ್ರ ಹೊಸದಲ್ಲ. ಆದರೂ ವೈಯಾವೃತ್ತ್ಯವು ಅಭ್ಯಂತರ ತಪಸ್ಸುಗಳಲ್ಲೊಂದು, ಔಷಧದಾನವು ಚತುರ್ವಿಧ ದಾನಗಳಲ್ಲೊಂದು. ಸಂಘದ ನಡುವೆ ಬಾಳಿದ ಜೈನವೈದ್ಯನು ತೊಳೆಯದೆ ಒಣಗಿ ಉದುರುವ ಲೇಪವನ್ನು ಯೋಚಿಸಿದ್ದಿರಬಹುದು. ಪೂಜ್ಯಪಾದರ ಶಾಲಾಕ್ಯದಲ್ಲಿ ಅಂತಹ ಯೋಗಗಳಿದ್ದುವೇ ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ.

1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಂತಹ ಸೂಚಿಗಳಿಂದ ಕಟ್ಟುಗಳ ಹೆಸರು ತಿಳಿಯುತ್ತದೆ. ಕಟ್ಟಿನೊಳಗಿನ ಬಿಡಿ ಯೋಗಗಳು ಯಾವ ಸೂಚಿಯ ವ್ಯಾಪ್ತಿಗೂ ಬರುವುದು ಕಷ್ಟ. ಬಸದಿಗಳಲ್ಲಿ, ಮನೆಗಳಲ್ಲಿ ವೈದ್ಯದ ಓಲೆಗಳುಳ್ಳವರು ಕ್ಷುದ್ರರೋಗ, ಶಿರೋರೋಗ ಎರಡೂ ಪ್ರಕರಣಗಳನ್ನು ನೋಡಬೇಕು. ದಾರುಣಕದ ಯೋಗ ಕಂಡಲ್ಲಿ, ಮಧುಕದ ಕಕಾರ ಉಳಿದಿದೆಯೇ, ಕುಷ್ಠದ ಮುಂದೆ ಮಾಷವಿದೆಯೇ ಮಿಶ್ರವಿದೆಯೇ, ಕೊನೆಯ ಮಧುವಿನ ಸ್ಥಾನದಲ್ಲಿ ಬೇರೆ ಯಾವ ದ್ರವ್ಯವನ್ನು ಹೇಳಿದೆ ಎಂಬುದನ್ನು ಗರಿಯ ಸಂಖ್ಯೆಯೊಡನೆ ಬರೆದು ಈ ಪತ್ರಿಕೆಗೆ ತಿಳಿಸಿದರೆ ಉಪಕಾರವಾಗುತ್ತದೆ.